ಅಗ್ಗದ ಸಾಫ್ಟ್‌ವೇರ್ ಕೀ ಕೊಳ್ಳುವ ಮುನ್ನ: ಸಣ್ಣ ಕಚೇರಿ, ಅಂಗಡಿ ಮತ್ತು ಮನೆಬಳಕೆಯವರಿಗೊಂದು ಮಾರ್ಗದರ್ಶಿ

ಹಾಸನದ ಬಿ.ಎಂ. ರಸ್ತೆಯ ಡಿಟಿಪಿ ಅಂಗಡಿಯಿಂದ ಹಿಡಿದು ಸಕಲೇಶಪುರದ ಎಸ್ಟೇಟ್ ಆಫೀಸಿನವರೆಗೆ, ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: ಅಂಗಡಿಯಲ್ಲಿ ಸಾವಿರಾರು ರೂಪಾಯಿ ಹೇಳುವ ವಿಂಡೋಸ್ ಅಥವಾ ಆಫೀಸ್ ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುವಾಗ ಅದನ್ನೇ ಏಕೆ ತೆಗೆದುಕೊಳ್ಳಬಾರದು? ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಕಾರಣವೂ ಇದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಆಫೀಸ್ 2016 ಮತ್ತು 2019ರ ಬೆಂಬಲ ಮುಗಿದದ್ದೂ ಅದೇ ದಿನ. ಹಳೆಯ ಯಂತ್ರವನ್ನು ಹೊಸದು ಮಾಡಿಸಲು ಹೊರಟವರಿಗೆ ಸರ್ವಿಸ್ ಅಂಗಡಿಯಲ್ಲಿ ಮೊದಲು ಕೇಳಿಸುವ ಮಾತು, "ಒರಿಜಿನಲ್ ಕೀನೇ ಹಾಕ್ಕೊಡ್ತೀನಿ ಸಾರ್, ಲೈಫ್‌ಟೈಮ್. ಬಿಲ್ ಬೇಡ ಅಲ್ವಾ?"

ಆ ಕೊನೆಯ ಮೂರು ಪದಗಳಲ್ಲೇ ವಿಷಯವೆಲ್ಲ ಅಡಗಿದೆ. ಅಗ್ಗದ ಕೀ ಕೊಂಡರೆ ಏನಾಗಬಹುದು, ಕೊಳ್ಳುವ ಮುನ್ನ ಏನನ್ನು ಯಾವ ಕ್ರಮದಲ್ಲಿ ನೋಡಬೇಕು, ಈಗಾಗಲೇ ಕೊಂಡಿದ್ದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೀ ಬೇರೆ, ಪರವಾನಗಿ ಬೇರೆ

ವಿಂಡೋಸ್‌ನ ಪ್ರಾಡಕ್ಟ್ ಕೀ ಎಂದರೆ ಐದೈದು ಅಕ್ಷರಗಳ ಐದು ಗುಂಪು, ಒಟ್ಟು 25 ಅಕ್ಷರ ಮತ್ತು ಅಂಕಿಗಳ ಸಾಲು. ಅದನ್ನು ಟೈಪ್ ಮಾಡಿದಾಗ ತಂತ್ರಾಂಶ ಸಕ್ರಿಯವಾಗುತ್ತದೆ ಎಂಬ ಕಾರಣಕ್ಕೆ ಅದನ್ನೇ ಪರವಾನಗಿ ಎಂದು ತಿಳಿಯುವವರು ಹೆಚ್ಚು. ಪರವಾನಗಿಯೆಂದರೆ ಆ ತಂತ್ರಾಂಶವನ್ನು ಯಾರು, ಎಷ್ಟು ಯಂತ್ರಗಳಲ್ಲಿ, ಯಾವ ಷರತ್ತಿನ ಮೇಲೆ ಬಳಸಬಹುದು ಎಂದು ತಯಾರಕರು ಕೊಟ್ಟ ಹಕ್ಕು. ಬಾಡಿಗೆ ಮನೆಯ ಬೀಗದ ಕೈ ದಲ್ಲಾಳಿಯಿಂದ ಕೈಗೆ ಬಂತು ಎಂದ ಮಾತ್ರಕ್ಕೆ ಮಾಲೀಕರೊಂದಿಗೆ ಕರಾರಾಯಿತು ಎಂದಲ್ಲವಷ್ಟೇ. ಬಾಗಿಲು ತೆರೆಯುತ್ತದೆ, ಒಳಗೆ ವಾಸವನ್ನೂ ಮಾಡಬಹುದು. ಆದರೆ ಮಾಲೀಕರು ಬೀಗ ಬದಲಿಸಿದ ದಿನ ಕೇಳಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಅಗ್ಗದ ಕೀ ಮಾರುವವರು ಬಹುಪಾಲು ನಿಜವಾದ ಕೀಯನ್ನೇ ಕೊಡುತ್ತಾರೆ. ಅದರ ಹಿಂದಿನ ಹಕ್ಕನ್ನು ಅವರು ಕೊಡುವುದಿಲ್ಲ, ಏಕೆಂದರೆ ಅದು ಅವರ ಬಳಿಯೂ ಇಲ್ಲ. "ಕೀ ಹಾಕಿದೆ, ಆ್ಯಕ್ಟಿವೇಟ್ ಆಯಿತು, ಅಂದ ಮೇಲೆ ಒರಿಜಿನಲ್" ಎಂಬ ವಾದ ನಿಲ್ಲದಿರುವುದು ಇದೇ ಕಾರಣಕ್ಕೆ.

ಈ ಕೀಗಳು ಬರುವುದೆಲ್ಲಿಂದ

ಮೂಲ ಗೊತ್ತಿದ್ದರೆ ಅಪಾಯವನ್ನು ಅಳೆಯುವುದು ಸುಲಭ, ಆದ್ದರಿಂದ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಬಗೆ ಓಇಎಂ ಕೀ. ಕಂಪ್ಯೂಟರ್ ತಯಾರಕರು ಹೊಸ ಯಂತ್ರದ ಜೊತೆಗೇ ಮಾರುವ ಪರವಾನಗಿ ಇದು. ಅದು ಆ ಯಂತ್ರಕ್ಕೆ, ಇನ್ನೂ ಸರಿಯಾಗಿ ಹೇಳುವುದಾದರೆ ಅದರ ಮದರ್‌ಬೋರ್ಡಿಗೆ, ಅಂಟಿಕೊಂಡಿರುತ್ತದೆ. ವಿಂಡೋಸ್ 7ರ ಕಾಲದಲ್ಲಿ ಈ ಕೀಯನ್ನು ಸ್ಟಿಕರ್ ಮೇಲೆ ಮುದ್ರಿಸಿ ಯಂತ್ರದ ಬೆನ್ನಿಗೆ ಅಂಟಿಸುತ್ತಿದ್ದರು. ಗುಜರಿಗೆ ಹೋದ ಯಂತ್ರಗಳ ಸ್ಟಿಕರ್ ನೋಡಿ ಬರೆದುಕೊಂಡು ಮಾರುವ ವ್ಯಾಪಾರ ಬೆಳೆದದ್ದು ಅಲ್ಲಿಂದ. ವಿಂಡೋಸ್ 7 ಮತ್ತು 8ರ ಕೀಗಳಿಂದ ಹೊಸದಾಗಿ ವಿಂಡೋಸ್ 10 ಅಥವಾ 11 ಸಕ್ರಿಯಗೊಳಿಸುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದೆ, ಹಾಗಾಗಿ ಆ ಸ್ಟಿಕರ್ ಕೀಗಳಿಗೆ ಈಗ ಬೆಲೆಯಿಲ್ಲ. ಅವನ್ನು ಇನ್ನೂ ಮಾರುವವರಿದ್ದರೆ ಅದು ನೇರ ಮೋಸ.

ಇನ್ನೊಂದು ಬಗೆ, ಮತ್ತು ಅಗ್ಗದ ಮಾರುಕಟ್ಟೆಯಲ್ಲಿ ಪದೇ ಪದೇ ಎದುರಾಗುವುದು, ವಾಲ್ಯೂಮ್ ಕೀ. ಕಂಪನಿ, ಕಾಲೇಜು, ಸರ್ಕಾರಿ ಇಲಾಖೆಗಳು ನೂರಾರು ಯಂತ್ರಗಳಿಗೆ ಒಟ್ಟಾಗಿ ಪಡೆಯುವ ಪರವಾನಗಿ ಇದು. ಇದರಲ್ಲಿ ಎರಡು ಕವಲು. ಎಂಎಕೆ ಎಂಬ ಕೀಗೆ ಇಂತಿಷ್ಟೇ ಬಾರಿ ಸಕ್ರಿಯಗೊಳಿಸಬಹುದು ಎಂಬ ಲೆಕ್ಕವಿರುತ್ತದೆ. ಯಾವುದೋ ಸಂಸ್ಥೆಯ ಒಳಗಿನವರು ಅದನ್ನು ಹೊರಗೆ ಬಿಟ್ಟರೆ, ಒಂದೇ ಕೀ ಸಂಬಂಧವಿಲ್ಲದ ಹತ್ತಾರು ಜನರಿಗೆ ಮಾರಾಟವಾಗುತ್ತದೆ, ಲೆಕ್ಕ ಮುಗಿದ ಮೇಲೆ ಕೊಂಡವರಿಗೆ ಕೀ ಕೆಲಸ ಮಾಡುವುದೇ ಇಲ್ಲ. ಕೆಎಂಎಸ್ ಎಂಬುದು ಇನ್ನೊಂದು ಕವಲು. ಇಲ್ಲಿ ಸಂಸ್ಥೆಯ ಒಳಗೇ ಒಂದು ಸರ್ವರ್ ಇದ್ದು, ಅಲ್ಲಿನ ಯಂತ್ರಗಳನ್ನು ಅದು ಸಕ್ರಿಯಗೊಳಿಸುತ್ತದೆ. ವಿಂಡೋಸ್ ಯಂತ್ರಗಳಿಗೆ ಆ ಸರ್ವರ್ ಕೆಲಸ ಆರಂಭಿಸಬೇಕಾದರೆ ಕನಿಷ್ಠ 25 ಯಂತ್ರಗಳು ಅದನ್ನು ಸಂಪರ್ಕಿಸಬೇಕು, ಮತ್ತು ಒಮ್ಮೆ ಆದ ಸಕ್ರಿಯತೆ 180 ದಿನ ಮಾತ್ರ ಬಾಳುತ್ತದೆ. ಅಷ್ಟರೊಳಗೆ ಯಂತ್ರವು ಸರ್ವರನ್ನು ಮತ್ತೆ ಮುಟ್ಟಲೇಬೇಕು. ಹಾಸನದ ಅಂಗಡಿಯೊಂದರ ಒಂಟಿ ಕಂಪ್ಯೂಟರಿನಲ್ಲಿ ಕೆಎಂಎಸ್ ಪರವಾನಗಿ ಕಾಣಿಸಿತೆಂದರೆ, ಅದು ಅಂತರ್ಜಾಲದಲ್ಲಿ ಯಾರೋ ಅಪರಿಚಿತರು ನಡೆಸುವ ಸರ್ವರಿಗೆ ಜೋತುಬಿದ್ದಿದೆ, ಇಲ್ಲವೇ ಯಂತ್ರದೊಳಗೇ ಒಂದು ನಕಲಿ ಸರ್ವರ್ ಕುಳಿತಿದೆ ಎಂದು ತಿಳಿಯಬೇಕು.

ಮೂರನೆಯದು ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಕೀ. ಕಂಪ್ಯೂಟರ್ ಆಟಗಳ ಮಾರುಕಟ್ಟೆಯಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಕಳ್ಳ ಕಾರ್ಡಿನಲ್ಲಿ ಕೀ ಕೊಂಡು ಮರುಮಾರಾಟದ ತಾಣದಲ್ಲಿ ಅರ್ಧ ಬೆಲೆಗೆ ಮಾರುತ್ತಾರೆ. ಕಾರ್ಡಿನ ನಿಜವಾದ ಒಡೆಯರು ಬ್ಯಾಂಕಿಗೆ ದೂರು ಕೊಟ್ಟಾಗ ಹಣ ವಾಪಸ್ ಹೋಗುತ್ತದೆ, ತಯಾರಕರಿಗೆ ಹಣವೂ ಇಲ್ಲ, ಮೇಲೆ ಬ್ಯಾಂಕಿನ ದಂಡ ಬೇರೆ. 2013ರಲ್ಲಿ ಅನ್‌ನೋನ್ ವರ್ಲ್ಡ್ಸ್ ಎಂಬ ಸಂಸ್ಥೆ ಹೀಗೆ ಮಾರಾಟವಾಗಿದ್ದ ತನ್ನ ಆಟದ 1,341 ಕೀಗಳನ್ನು ರದ್ದು ಮಾಡಿತು. ಫ್ಯಾಕ್ಟೋರಿಯೋ ಆಟದ ತಯಾರಕರ ದೂರಿನ ಮೇಲೆ ನಡೆದ ಪರಿಶೀಲನೆಯಲ್ಲಿ ಅಕ್ರಮವಾಗಿ ಪಡೆದ 198 ಕೀಗಳು ತಮ್ಮ ತಾಣದಲ್ಲಿ ಮಾರಾಟವಾಗಿದ್ದವೆಂದು ಜಿ2ಎ ಎಂಬ ಮರುಮಾರಾಟ ಸಂಸ್ಥೆ ಒಪ್ಪಿಕೊಂಡು, 2020ರಲ್ಲಿ 39,600 ಡಾಲರ್ ಪರಿಹಾರ ಕೊಟ್ಟಿತು. ಕೀ ರದ್ದಾದಾಗ ಕೊಂಡವರು ಪ್ರಾಮಾಣಿಕರೇ ಇದ್ದಿರಬಹುದು, ಆದರೆ ಆಟ ನಿಂತುಹೋದದ್ದು ಅವರಿಗೇ.

ಇವಲ್ಲದೆ, ಬೆಲೆ ಕಡಿಮೆಯಿರುವ ದೇಶಕ್ಕೆಂದು ಬಿಡುಗಡೆಯಾದ ಕೀಗಳೂ ಇವೆ. ಕೆಲವು ಆಂಟಿವೈರಸ್ ಕೀಗಳು ಪ್ರದೇಶಕ್ಕೆ ಬಿಗಿದಿರುತ್ತವೆ, ಇಲ್ಲಿ ಹಾಕಿದರೆ ತೆಗೆದುಕೊಳ್ಳುವುದಿಲ್ಲ. ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್ ಉಚಿತವಾಗಿರುವಾಗ, ಸಾಮಾನ್ಯ ಮನೆಬಳಕೆಗೆ ಗುರುತಿಲ್ಲದವರಿಂದ ಆಂಟಿವೈರಸ್ ಕೀ ಕೊಳ್ಳುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಮೊದಲ ಹೆಜ್ಜೆ: ಕೊಳ್ಳುವ ಅಗತ್ಯವೇ ಇದೆಯೇ ನೋಡಿ

ಕೀ ಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಅದರ ಅಗತ್ಯವೇ ಇರುವುದಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದೊಳಗಿನ ಆ್ಯಕ್ಟಿವೇಷನ್ ಎಂಬಲ್ಲಿಗೆ ಹೋಗಿ. ವಿಂಡೋಸ್ 10ರಲ್ಲಿ ಇದು ಅಪ್‌ಡೇಟ್ ಅಂಡ್ ಸೆಕ್ಯುರಿಟಿ ವಿಭಾಗದಲ್ಲಿದೆ. ಡಿಜಿಟಲ್ ಲೈಸೆನ್ಸ್ ಮೂಲಕ ಸಕ್ರಿಯವಾಗಿದೆ ಎಂಬ ಒಕ್ಕಣೆ ಅಲ್ಲಿ ಕಂಡರೆ ನಿಮ್ಮ ಯಂತ್ರಕ್ಕೆ ಈಗಾಗಲೇ ಹಕ್ಕು ಇದೆ ಎಂದೇ ಸಾಮಾನ್ಯ ಅರ್ಥ. ಸಕ್ರಿಯವಾಗಿರುವ ವಿಂಡೋಸ್ 10ರಿಂದ 11ಕ್ಕೆ ಏರುವುದು ಉಚಿತ. ಯಂತ್ರ ಅದಕ್ಕೆ ತಕ್ಕದ್ದಾಗಿರಬೇಕು ಅಷ್ಟೇ. ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ಚಿಪ್), ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಮತ್ತು ಇಂಟೆಲ್ ಆದರೆ ಸ್ಥೂಲವಾಗಿ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಸಾಧನ ಇದನ್ನು ಒಂದೇ ನಿಮಿಷದಲ್ಲಿ ಹೇಳಿಬಿಡುತ್ತದೆ. ತಕ್ಕದ್ದಲ್ಲದ ಯಂತ್ರಕ್ಕೆ ಕೀ ಕೊಂಡರೂ ಅದು ತಕ್ಕದ್ದಾಗುವುದಿಲ್ಲ. ಅಂಥ ವಿಂಡೋಸ್ 10 ಯಂತ್ರಗಳಿಗೆ ಮನೆಬಳಕೆದಾರರಾದರೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ.

ಇಲ್ಲಿ ಸರ್ವಿಸ್ ಅಂಗಡಿಗಳಲ್ಲಿ ನಡೆಯುವ ಒಂದು ಸಂಗತಿಯನ್ನು ಗಮನಿಸಬೇಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಲು ಲ್ಯಾಪ್‌ಟಾಪ್ ಕೊಟ್ಟಿರುತ್ತೀರಿ. ವಿಂಡೋಸ್ 8ರಿಂದೀಚೆಗೆ ವಿಂಡೋಸ್ ಸಮೇತ ಬಂದ ಬ್ರಾಂಡೆಡ್ ಲ್ಯಾಪ್‌ಟಾಪ್‌ಗಳಲ್ಲಿ ಕೀ ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಅಡಗಿರುತ್ತದೆ. ಡಿಸ್ಕ್ ಬದಲಾದರೂ ಅದೇ ಆವೃತ್ತಿಯನ್ನು ಹೊಸದಾಗಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿಯೇ ಸಕ್ರಿಯವಾಗುತ್ತದೆ. ಆದರೆ ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಸಿದ್ಧವಾಗಿರುವುದು ಪ್ರೊ ಆವೃತ್ತಿ, ನಿಮ್ಮ ಲ್ಯಾಪ್‌ಟಾಪಿಗೆ ಬಂದದ್ದು ಹೋಮ್ ಆವೃತ್ತಿ. ಪ್ರೊ ಹಾಕಿದರೆ ಹೋಮ್ ಕೀ ಅದಕ್ಕೆ ಹೊಂದುವುದಿಲ್ಲ, ಆಗ "ಕೀ ಬೇಕಾಗುತ್ತೆ" ಎಂಬ ಮಾತು ಬರುತ್ತದೆ. ಹೀಗೆ, ಇದ್ದ ಹಕ್ಕನ್ನು ಬಿಟ್ಟು ಇಲ್ಲದ ಹಕ್ಕಿಗೆ ಎಂಟುನೂರು ರೂಪಾಯಿ ಕೊಟ್ಟು ಬರುತ್ತೀರಿ. ಇದರಲ್ಲಿ ಅಂಗಡಿಯವರ ದುರುದ್ದೇಶಕ್ಕಿಂತ ರೂಢಿಯೇ ಹೆಚ್ಚು. ಯಂತ್ರ ಕೊಡುವಾಗಲೇ "ಇದಕ್ಕೆ ಬಂದಿರೋದು ಹೋಮ್, ಹೋಮೇ ಹಾಕಿ" ಎಂದು ಹೇಳಿ, ಚೀಟಿಯಲ್ಲೂ ಬರೆಸಿ. ಮದರ್‌ಬೋರ್ಡನ್ನೇ ಬದಲಿಸಬೇಕಾಗಿ ಬಂದರೆ ಮಾತ್ರ ವಿಷಯ ಬೇರೆ. ಅಂಥ ಸಂದರ್ಭದಲ್ಲಿ ಓಇಎಂ ಪರವಾನಗಿ ಸಾಮಾನ್ಯವಾಗಿ ಹಳೆಯ ಬೋರ್ಡಿನೊಂದಿಗೇ ಹೋಗುತ್ತದೆ.

ಎರಡನೆಯ ಹೆಜ್ಜೆ: ಜಾಹೀರಾತನ್ನು ಅನುಮಾನದಿಂದ ಓದಿ

ಬೆಲೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಹಬ್ಬದ ರಿಯಾಯಿತಿಯಲ್ಲಿ ನಿಜವಾದ ಪರವಾನಗಿಯ ಬೆಲೆಯೂ ಇಳಿಯುತ್ತದೆ. ಆದರೆ ಹತ್ತರಲ್ಲೊಂದು ಬೆಲೆ ಯಾವ ಹಬ್ಬಕ್ಕೂ ಬರುವುದಿಲ್ಲ.

ಆವೃತ್ತಿಯ ಹೆಸರು ಬೆಲೆಗಿಂತ ಹೆಚ್ಚಿನದನ್ನು ಹೇಳುತ್ತದೆ. ಆಫೀಸ್ ಪ್ರೊಫೆಷನಲ್ ಪ್ಲಸ್, ವಿಂಡೋಸ್ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ ಮುಂತಾದವು ಮುಖ್ಯವಾಗಿ ಸಂಸ್ಥೆಗಳಿಗೆ ವಾಲ್ಯೂಮ್ ಪರವಾನಗಿಯಲ್ಲಿ ದೊರೆಯುವಂಥವು. ಅವನ್ನು ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಐನೂರು ರೂಪಾಯಿಗೆ ಮಾರುತ್ತಿದ್ದಾರೆಂದರೆ ಕೀ ಯಾವುದೋ ಸಂಸ್ಥೆಯ ಕಟ್ಟಿನಿಂದ ಬಿಚ್ಚಿಕೊಂಡು ಬಂದಿದೆ ಎಂದೇ ಲೆಕ್ಕ. "ಮೈಕ್ರೋಸಾಫ್ಟ್ 365 ಲೈಫ್‌ಟೈಮ್" ಎಂಬ ಜಾಹೀರಾತಂತೂ ತನ್ನಿಂದ ತಾನೇ ಸುಳ್ಳು: ಅದು ತಿಂಗಳ ಅಥವಾ ವರ್ಷದ ಚಂದಾ, ಅದಕ್ಕೆ ಜೀವಾವಧಿ ರೂಪವೇ ಇಲ್ಲ. ಅಡೋಬಿಯ ಫೋಟೋಶಾಪ್, ಇಲ್ಲಸ್ಟ್ರೇಟರ್‌ಗಳ ಹೊಸ ಆವೃತ್ತಿಗಳೂ 2013ರಿಂದ ಚಂದಾ ಪದ್ಧತಿಯಲ್ಲೇ ಬರುತ್ತಿವೆ. ಮದುವೆ ಕಾರ್ಡು, ಫ್ಲೆಕ್ಸ್ ವಿನ್ಯಾಸ ಮಾಡುವವರಿಗೆ "ಒಂದೇ ಸಲ ಕಟ್ಟಿ, ಜೀವನಪೂರ್ತಿ ಬಳಸಿ" ಎಂದು ಹೇಳುವವರು ಕ್ರ್ಯಾಕ್ ಮಾಡಿದ (ಪರವಾನಗಿ ತಪಾಸಣೆಯನ್ನು ಮುರಿದ) ಪ್ರತಿಯನ್ನೋ ಮತ್ತೊಬ್ಬರ ಖಾತೆಯನ್ನೋ ಮಾರುತ್ತಿರುತ್ತಾರೆ.

ಮಾರುವವರು ಡೌನ್‌ಲೋಡ್ ಕೊಂಡಿಯನ್ನೂ ತಾವೇ ಕಳಿಸಿದರೆ ಅಲ್ಲಿಗೇ ನಿಲ್ಲಿಸಿ. ವಿಂಡೋಸ್‌ನ ಇನ್‌ಸ್ಟಾಲ್ ಕಡತ ಮೈಕ್ರೋಸಾಫ್ಟ್ ತಾಣದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ, ಕೀ ಬೇಕಾಗುವುದು ಸಕ್ರಿಯಗೊಳಿಸಲು ಮಾತ್ರ. ಹಾಗಿರುವಾಗ ಗುರುತಿಲ್ಲದ ಡ್ರೈವ್ ಕೊಂಡಿಯಿಂದ ಇಳಿಸಿಕೊಳ್ಳಿ, ಇಳಿಸುವ ಮುನ್ನ ಆಂಟಿವೈರಸ್ ಆಫ್ ಮಾಡಿ ಎಂದು ಹೇಳುವವರ ಉದ್ದೇಶ ಒಳ್ಳೆಯದಿರಲು ಸಾಧ್ಯವಿಲ್ಲ. ಕೆಎಂಎಸ್‌ಪಿಕೋ ಹೆಸರಿನ ಆ್ಯಕ್ಟಿವೇಟರ್ (ಪರವಾನಗಿಯಿಲ್ಲದೆ ತಂತ್ರಾಂಶವನ್ನು ಸಕ್ರಿಯಗೊಳಿಸುವ ಅಕ್ರಮ ಸಾಧನ) ಜೊತೆಗೆ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಹರಡುತ್ತಿದ್ದುದನ್ನು 2021ರಲ್ಲಿ ಭದ್ರತಾ ಸಂಶೋಧಕರು ಬಯಲಿಗೆಳೆದಿದ್ದರು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ಕಾರ್ಡ್ ವಿವರ, ಕ್ರಿಪ್ಟೋ ವಾಲೆಟ್ ಇವನ್ನು ಕದಿಯುವುದೇ ಅದರ ಕೆಲಸ. ಗ್ರಾಹಕರ ಆಧಾರ್, ಪಹಣಿ, ಬ್ಯಾಂಕ್ ವಿವರಗಳು ಹಾದುಹೋಗುವ ಸೈಬರ್ ಸೆಂಟರಿನ ಯಂತ್ರದಲ್ಲಿ ಅದು ಕುಳಿತರೆ ಹೋಗುವುದು ಅಂಗಡಿಯವರ ಮಾಹಿತಿ ಮಾತ್ರವಲ್ಲ.

"ಯುರೋಪಿನ ಕಾನೂನು ಮರುಮಾರಾಟವನ್ನು ಒಪ್ಪುತ್ತದೆ" ಎಂಬ ಸಾಲು ವಿದೇಶಿ ತಾಣಗಳಲ್ಲಿ ಸಾಮಾನ್ಯ. ಅದಕ್ಕೊಂದು ಆಧಾರವಿದೆ. 2012ರ ಜುಲೈ 3ರಂದು ಯೂಸ್ಡ್‌ಸಾಫ್ಟ್ ಮತ್ತು ಆರಕಲ್ ನಡುವಿನ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು, ಕಾಲಮಿತಿಯಿಲ್ಲದ ಪರವಾನಗಿಯನ್ನು ಒಮ್ಮೆ ಮಾರಿದ ಮೇಲೆ ಕೊಂಡವರು ಅದನ್ನು ಮರುಮಾರಾಟ ಮಾಡಬಹುದೆಂದು ಹೇಳಿತು. ಆದರೆ ಮಾರುವವರು ತಮ್ಮ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು, ಗುಂಪು ಪರವಾನಗಿಯನ್ನು ಬಿಡಿಸಿ ಹೆಚ್ಚುವರಿ ಭಾಗವನ್ನಷ್ಟೇ ಮಾರುವಂತಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಮೇಲಾಗಿ ಅದು ಐರೋಪ್ಯ ಒಕ್ಕೂಟದ ಕಾನೂನು, ಹಾಸನದಲ್ಲಿ ಕುಳಿತು ಕೊಳ್ಳುವವರಿಗೆ ಅದರ ರಕ್ಷಣೆ ಒದಗುವುದಿಲ್ಲ.

ಮೂರನೆಯ ಹೆಜ್ಜೆ: ಬಿಲ್ ಕೇಳಿ, ಬಿಲ್ಲಿನಲ್ಲಿ ಏನಿದೆ ಓದಿ

ಮಾರುವವರು ಭಾರತದಲ್ಲಿದ್ದರೆ ಅವರ ಜಿಎಸ್‌ಟಿ ಸಂಖ್ಯೆ ಕೇಳಿ. ಅದು 15 ಅಕ್ಷರಗಳದ್ದು, ಮೊದಲೆರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ಜಿಎಸ್‌ಟಿ ಪೋರ್ಟಲಿನಲ್ಲಿ ತೆರಿಗೆದಾರರನ್ನು ಹುಡುಕುವ ಪುಟದಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರದ ಹೆಸರು ಮತ್ತು ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಹೆಸರು ಹೊಂದಬೇಕು. ಬಿಲ್ಲಿನಲ್ಲಿ ತಂತ್ರಾಂಶದ ಪೂರ್ಣ ಹೆಸರು, ಆವೃತ್ತಿ, ಎಷ್ಟು ಯಂತ್ರಕ್ಕೆ, ಎಷ್ಟು ಕಾಲಕ್ಕೆ ಎಂಬುದು ಬರೆದಿರಬೇಕು. "ಕಂಪ್ಯೂಟರ್ ಸರ್ವಿಸ್" ಎಂದಷ್ಟೇ ಬರೆದ ಬಿಲ್ ತಂತ್ರಾಂಶದ ಬಿಲ್ಲಲ್ಲ. ನೋಂದಣಿ ಮಿತಿಯೊಳಗಿನ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ಸಂಖ್ಯೆ ಇಲ್ಲದಿರಬಹುದು. ಅದು ತಪ್ಪಲ್ಲ, ಆದರೆ ವಿವರ ಬರೆದು ಸಹಿ ಹಾಕಿದ ಬಿಲ್ ಕೊಡಲು ಅವರಿಗೂ ಅಡ್ಡಿಯಿಲ್ಲ.

ಬೆಲೆಯ ಲೆಕ್ಕವನ್ನೂ ಇಲ್ಲಿ ಸರಿಮಾಡಿಕೊಳ್ಳಬೇಕು. ತಂತ್ರಾಂಶದ ಮೇಲಿನ ಜಿಎಸ್‌ಟಿ ಶೇ 18. ಹತ್ತು ಸಾವಿರ ರೂಪಾಯಿಯ ತಂತ್ರಾಂಶಕ್ಕೆ 1,800 ತೆರಿಗೆ ಸೇರಿ 11,800 ಆಯಿತೆಂದುಕೊಳ್ಳಿ. ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯು ಅದನ್ನು ವ್ಯಾಪಾರಕ್ಕೆ ಬಳಸಿದರೆ ಆ 1,800ನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯಬಹುದು, ಉಳಿದದ್ದನ್ನು ಲೆಕ್ಕದಲ್ಲಿ ತೋರಿಸಬಹುದು. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವವರಿಗೆ ಈ ಹಿಂಪಡೆಯುವಿಕೆ ಇಲ್ಲ. ಬಿಲ್ಲಿಲ್ಲದ ಕೀಗೆ ಎರಡೂ ಇಲ್ಲ. ಎರಡು ಬೆಲೆಗಳ ನಡುವಿನ ಅಂತರ ಇದರಿಂದ ಮಾಯವಾಗುವುದಿಲ್ಲ, ಆದರೆ ತೋರುವಷ್ಟು ದೊಡ್ಡದೂ ಅಲ್ಲ.

ಹಣ ಕಟ್ಟುವ ರೀತಿಯೂ ಮುಖ್ಯ. ಅಪರಿಚಿತರ ವೈಯಕ್ತಿಕ ಯುಪಿಐ ಸಂಖ್ಯೆಗೆ ಕಳಿಸಿದ ಹಣವನ್ನು ವಾಪಸ್ ಪಡೆಯುವುದು ಕಷ್ಟ. ಕ್ರೆಡಿಟ್ ಕಾರ್ಡಿನಲ್ಲಿ ವಿವಾದ ದಾಖಲಿಸಲು ವ್ಯವಸ್ಥೆಯಿದೆ. ವಿದೇಶಿ ತಾಣದಲ್ಲಿ ಕಾರ್ಡ್ ಬಳಸಲೇಬೇಕಾದರೆ, ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟಿನ ಅನುಮತಿಯನ್ನು ಆಗಷ್ಟೇ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ.

ನಾಲ್ಕನೆಯ ಹೆಜ್ಜೆ: ಬೇರೆಯವರು ಮಾಡಿಕೊಟ್ಟ ಖಾತೆಯನ್ನು ಮುಟ್ಟಬೇಡಿ

ಅಗ್ಗದ ಮಾರುಕಟ್ಟೆಯ ಅಪಾಯಗಳೆಲ್ಲ ಒಂದೇ ತೂಕದವಲ್ಲ. ವಿಂಡೋಸ್ ಕೀ ರದ್ದಾದರೆ ಯಂತ್ರ ನಿಲ್ಲುವುದಿಲ್ಲ. ಪರದೆಯ ಕೆಳಗಿನ ಬಲಮೂಲೆಯಲ್ಲಿ ಸಕ್ರಿಯಗೊಳಿಸಿ ಎಂಬ ಮಸುಕು ಬರಹ ಬರುತ್ತದೆ, ಹಿನ್ನೆಲೆ ಚಿತ್ರ, ಬಣ್ಣ ಬದಲಿಸಲು ಬಿಡುವುದಿಲ್ಲ, ಕೆಲಸ ನಡೆಯುತ್ತದೆ. ಆಫೀಸ್ ಹಾಗಲ್ಲ. ಪರವಾನಗಿ ಬಿದ್ದುಹೋದರೆ ವರ್ಡ್, ಎಕ್ಸೆಲ್‌ಗಳಲ್ಲಿ ಕಡತ ತೆರೆಯಬಹುದು, ಮುದ್ರಿಸಬಹುದು, ತಿದ್ದಲಾಗದು. ಕಾಫಿ ಕೊಯ್ಲಿನ ದಿನಗಳಲ್ಲಿ ವಾರದ ಬಟವಾಡೆಗೆ ಆಳುಗಳು ಆಫೀಸಿನ ಮುಂದೆ ನಿಂತಿರುವಾಗ, ರೈಟರು ಹಾಜರಿ ಪಟ್ಟಿ ತೆರೆದರೆ ಮೇಲೆ ಅನ್‌ಲೈಸೆನ್ಸ್ಡ್ ಪ್ರಾಡಕ್ಟ್ ಎಂದಿದ್ದು, ಒಂದು ಅಂಕಿಯನ್ನೂ ಬದಲಿಸಲಾಗದಿದ್ದರೆ ಐನೂರು ರೂಪಾಯಿಯ ಉಳಿತಾಯ ಎಷ್ಟರದ್ದು ಎಂದು ಆಗ ತಿಳಿಯುತ್ತದೆ.

ಇವೆರಡಕ್ಕಿಂತ ಗಂಭೀರವಾದದ್ದು ಖಾತೆ ಮಾರಾಟ. ಇಲ್ಲಿ ಕೀ ಬರುವುದಿಲ್ಲ; ಒಂದು ಇ-ಮೇಲ್ ವಿಳಾಸ, ಒಂದು ತಾತ್ಕಾಲಿಕ ಪಾಸ್‌ವರ್ಡ್ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಪಾಸ್‌ವರ್ಡ್ ಬದಲಿಸಿಕೊಳ್ಳಿ, ಐದು ಸಾಧನಗಳಲ್ಲಿ ಆಫೀಸ್ ಹಾಕಿಕೊಳ್ಳಿ, ಒನ್‌ಡ್ರೈವ್‌ನಲ್ಲಿ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಕಡತ ಸಂಗ್ರಹ) 1 ಟಿಬಿ ಜಾಗವೂ ಇದೆ ಎಂದು ಬರೆದಿರುತ್ತಾರೆ. ವಿಳಾಸದ ಬಾಲ ನೋಡಿ: ಗುರುತಿಲ್ಲದ ಯಾವುದೋ ಕಾಲೇಜಿನ ಹೆಸರೋ, ಆನ್‌ಮೈಕ್ರೋಸಾಫ್ಟ್ ಡಾಟ್ ಕಾಮ್ ಎಂಬುದೋ ಇದ್ದರೆ ಆ ಖಾತೆ ಯಾವುದೋ ಸಂಸ್ಥೆಯ ಆವರಣದೊಳಗಿನದು, ಅದಕ್ಕೊಬ್ಬ ಆಡಳಿತಗಾರ ಇದ್ದಾನೆ. ನೀವು ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಆತ ಅದನ್ನು ಮರುಹೊಂದಿಸಬಲ್ಲ, ಒನ್‌ಡ್ರೈವ್‌ನ ಕಡತಗಳನ್ನು ತೆರೆಯಬಲ್ಲ, ಖಾತೆಯನ್ನೇ ಅಳಿಸಬಲ್ಲ. ಅಳಿಸಿದ ಬಳಕೆದಾರರ ಒನ್‌ಡ್ರೈವ್ ಕಡತಗಳು ಸಾಮಾನ್ಯ ಏರ್ಪಾಡಿನಲ್ಲಿ 30 ದಿನ ಉಳಿದು ಆಮೇಲೆ ಹೋಗುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಒನ್‌ಡ್ರೈವ್‌ಗೆ ಕಳಿಸುವ ಆಯ್ಕೆಗೆ ಅರಿವಿಲ್ಲದೆ ಒಪ್ಪಿಬಿಟ್ಟರಂತೂ ಲೆಕ್ಕಪರಿಶೋಧಕರ ಕಚೇರಿಯ ಕಕ್ಷಿದಾರರ ಕಾಗದಪತ್ರಗಳೆಲ್ಲ ಅಪರಿಚಿತರೊಬ್ಬರ ಕೈಕೆಳಗೆ ಹೋದಂತೆ. ಕೀಯ ವಿಷಯದಲ್ಲಿ ಯಾರಾದರೂ ಅಪಾಯ ಗೊತ್ತಿದ್ದೇ ಕೊಂಡರೆ ಅದು ಅವರ ಆಯ್ಕೆ ಎನ್ನಬಹುದು. ಈ ಖಾತೆಗಳ ವಿಷಯದಲ್ಲಿ ಅಷ್ಟು ಸಡಿಲವಾಗಿ ಮಾತನಾಡಲು ನನಗೆ ಮನಸ್ಸಿಲ್ಲ.

ನಿಜವಾದ ಖರೀದಿಯಲ್ಲಿ ಖಾತೆ ನಿಮ್ಮದೇ ಆಗಿರುತ್ತದೆ. ನಿಮ್ಮ ಸ್ವಂತ ಇ-ಮೇಲ್‌ನಿಂದ ಒಳಹೊಕ್ಕು, ಕೀಯನ್ನು ಅಲ್ಲಿ ನಮೂದಿಸುತ್ತೀರಿ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಕೊಳ್ಳುವಾಗಲೂ ಇದನ್ನೇ ನೋಡಿ. ಟ್ಯಾಲಿಪ್ರೈಮ್ ಪರವಾನಗಿ ಒಂದು ಸೀರಿಯಲ್ ಸಂಖ್ಯೆಗೂ ಒಂದು ಇ-ಮೇಲ್ ವಿಳಾಸಕ್ಕೂ ಕಟ್ಟಿರುತ್ತದೆ. ಆ ವಿಳಾಸ ಅಂಗಡಿ ಮಾಲೀಕರದ್ದಾಗಿರಬೇಕೇ ಹೊರತು ಹಾಕಿಕೊಟ್ಟ ಹುಡುಗನದ್ದೋ, ಕೆಲಸ ಬಿಟ್ಟುಹೋಗಬಹುದಾದ ಅಕೌಂಟೆಂಟಿನದ್ದೋ ಆಗಿರಬಾರದು.

ಈಗಾಗಲೇ ಕೊಂಡಿದ್ದರೆ

ಯಂತ್ರದಲ್ಲಿ ಯಾವ ಬಗೆಯ ಪರವಾನಗಿ ಕುಳಿತಿದೆ ಎಂದು ಪತ್ತೆಮಾಡಿ. ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ; ತೆರೆಯುವ ಚೌಕದಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಮುಂದಕ್ಕೆ ಬಾಗಿದ ಗೆರೆ (/) ಹಾಕಿ, ಅದಕ್ಕೆ ಅಂಟಿದಂತೆ ಡಿ, ಎಲ್, ವಿ ಎಂದು ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ಡಿಸ್ಕ್ರಿಪ್ಷನ್ ಸಾಲಿನ ಕೊನೆಯಲ್ಲಿ ಓಇಎಂ, ರೀಟೇಲ್ (ಯಂತ್ರದೊಂದಿಗಲ್ಲದೆ ಬಿಡಿಯಾಗಿ ಕೊಂಡದ್ದು) ಅಥವಾ ವಾಲ್ಯೂಮ್ ಎಂಬ ಪದವಿರುತ್ತದೆ. ವಾಲ್ಯೂಮ್ ಎಂದಿದ್ದು ಅದರ ಮುಂದೆ ಕೆಎಂಎಸ್ ಎಂದಿದ್ದರೆ, ಕೆಳಗೆ ಕೆಎಂಎಸ್ ಸರ್ವರಿನ ಹೆಸರನ್ನೂ ನೋಡಿ. ಡಿ, ಎಲ್, ವಿ ಬದಲು ಎಕ್ಸ್, ಪಿ, ಆರ್ ಹಾಕಿದರೆ ಸಕ್ರಿಯತೆ ಶಾಶ್ವತವೋ, ಇಂಥ ದಿನ ಮುಗಿಯುವುದೋ ಎಂಬುದು ತಿಳಿಯುತ್ತದೆ. ಎಂಎಕೆ ಕೀಯೂ ಶಾಶ್ವತ ಎಂದೇ ತೋರಿಸುವುದರಿಂದ ಆ ಒಂದು ಪದವನ್ನು ನೆಚ್ಚಿಕೊಳ್ಳಬೇಡಿ.

ಕೀ ಮಾತ್ರ ಹಾಕಿದ್ದು, ಬೇರೆ ಏನನ್ನೂ ಇಳಿಸಿಕೊಂಡಿಲ್ಲದಿದ್ದರೆ ಗಾಬರಿ ಬೇಡ. ಹಕ್ಕಿರುವ ಪರವಾನಗಿಗೆ ಬಿಡುವಿನಲ್ಲಿ ಬದಲಾಯಿಸಿಕೊಳ್ಳಬಹುದು. ಆ್ಯಕ್ಟಿವೇಟರ್ ಓಡಿಸಿದ್ದರೆ ಮಾತ್ರ ಯಂತ್ರವನ್ನು ನಂಬಬೇಡಿ. ಕಡತಗಳನ್ನಷ್ಟೇ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಮೈಕ್ರೋಸಾಫ್ಟ್ ತಾಣದ ಕಡತದಿಂದ ವಿಂಡೋಸನ್ನು ಪೂರ್ತಿ ಹೊಸದಾಗಿ ಹಾಕಿ, ಆಮೇಲೆ ಬೇರೊಂದು ಯಂತ್ರದಿಂದ ಬ್ಯಾಂಕ್ ಮತ್ತು ಇ-ಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಶುಚಿಗೊಳಿಸುವ ಉಚಿತ ಸಾಧನಗಳಿವೆ, ಆದರೆ ಪೂರ್ತಿ ಹೊಸದಾಗಿ ಹಾಕುವುದಕ್ಕೆ ಅವು ಬದಲಿಯಲ್ಲ. ಕೊಂಡ ಖಾತೆಯ ಒನ್‌ಡ್ರೈವ್‌ನಲ್ಲಿ ಕಡತಗಳಿದ್ದರೆ ಇವತ್ತೇ ಇಳಿಸಿಕೊಂಡು, ಅಲ್ಲಿಂದ ಅಳಿಸಿ, ಖಾತೆಯಿಂದ ಹೊರಬನ್ನಿ.

ಕಾನೂನಿನ ಭಯವನ್ನು ಉತ್ಪ್ರೇಕ್ಷಿಸಬೇಕಿಲ್ಲ, ಇಲ್ಲವೆನ್ನುವುದೂ ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ, ಕೃತಿಸ್ವಾಮ್ಯ ಉಲ್ಲಂಘಿಸಿದ ತಂತ್ರಾಂಶ ಪ್ರತಿಯನ್ನು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದರೆ ನ್ಯಾಯಾಲಯವು ಸೆರೆ ವಿಧಿಸದೆ 50 ಸಾವಿರದವರೆಗಿನ ದಂಡಕ್ಕೆ ಇಳಿಸಬಹುದು. ಕ್ರ್ಯಾಕ್ ಮಾಡಿದ ಪ್ರತಿಗೆ ಇದು ನೇರವಾಗಿ ತಾಗುತ್ತದೆ. ಸಂಶಯದ ಕೀ ಕೊಂಡವರ ಸ್ಥಿತಿ ಅವರಿಗೆ ಏನು ಗೊತ್ತಿತ್ತು, ಏನು ದಾಖಲೆಯಿದೆ ಎಂಬುದರ ಮೇಲೆ ನಿಲ್ಲುತ್ತದೆ. ಅಂಗಡಿ ನಡೆಸುವವರು ಆ ವ್ಯತ್ಯಾಸವನ್ನು ಗಮನಿಸಬೇಕು.

ಹಣ ಹೋಗಿದ್ದರೆ

ಕೀ ಕೆಲಸ ಮಾಡದ ಪರದೆಯ ಚಿತ್ರ, ಮಾರಿದವರೊಂದಿಗಿನ ಮಾತುಕತೆ, ಹಣ ಕಟ್ಟಿದ ದಾಖಲೆ ಇವನ್ನು ಮೊದಲು ಉಳಿಸಿಕೊಳ್ಳಿ. ಸಂದೇಶಗಳನ್ನು ಅವರು ಅಳಿಸಿಬಿಡುವುದುಂಟು. ಮಾರಾಟ ತಾಣದ ಮೂಲಕ ಕೊಂಡಿದ್ದರೆ ಅಲ್ಲಿನ ವಾಪಸಾತಿಯ ಅವಧಿ ಮುಗಿಯುವುದರೊಳಗೆ ದೂರು ಹಾಕಿ. ಕಾರ್ಡ್ ದುರ್ಬಳಕೆಯಾಗಿದ್ದರೆ ಅಥವಾ ಹಣ ಪಡೆದು ಮಾಯವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದಾಖಲಿಸಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ದೂರು ಕೊಡಬಹುದು.

ಮಾರಿದವರು ಗುರುತು ಸಿಗುವವರಾಗಿದ್ದು ಸತಾಯಿಸುತ್ತಿದ್ದರೆ ಅದು ಗ್ರಾಹಕ ವ್ಯಾಜ್ಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಮಾರಿದವರು ದೆಹಲಿಯಲ್ಲಿದ್ದರೂ ಹಾಸನದಲ್ಲೇ ದಾಖಲಿಸಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲ, ಆದರೆ ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವರನ್ನು ಹೊರಗಿಡುವುದೂ ಇಲ್ಲ. ಒಬ್ಬರೇ ಕುಳಿತು ನಡೆಸುವ ಡಿಟಿಪಿ ಅಂಗಡಿಯವರು ಆ ವಿನಾಯಿತಿಯಡಿ ಬರಬಹುದು.

ಕಡಿಮೆ ಖರ್ಚಿನ ನೇರ ದಾರಿಗಳು

ಪತ್ರ, ಪಟ್ಟಿ, ಸರಳ ಲೆಕ್ಕ ಇಷ್ಟೇ ಕೆಲಸವಾದರೆ ಲಿಬ್ರೆಆಫೀಸ್ ಸಾಕು. ಅದು ಉಚಿತ, ವ್ಯಾಪಾರಕ್ಕೂ ಬಳಸಬಹುದು, ಮೆನುಗಳು ಕನ್ನಡದಲ್ಲೂ ಸಿಗುತ್ತವೆ. ಮ್ಯಾಕ್ರೋ ತುಂಬಿದ ಹಳೆಯ ಎಕ್ಸೆಲ್ ಕಡತಗಳಿದ್ದರೆ ಅದರಲ್ಲಿ ಎಡವುತ್ತೀರಿ, ಆದ್ದರಿಂದ ಮೊದಲು ಒಂದು ಯಂತ್ರದಲ್ಲಿ ಪ್ರಯೋಗ ಮಾಡಿ. ವರ್ಡ್, ಎಕ್ಸೆಲ್‌ಗಳ ಬ್ರೌಸರ್ ರೂಪ ಸ್ವಂತ ಮೈಕ್ರೋಸಾಫ್ಟ್ ಖಾತೆಯಿದ್ದವರಿಗೆ ಉಚಿತ. ಕನ್ನಡ ಟೈಪಿಂಗಿಗೆ ಹಣ ಕೊಡಬೇಕಾದ ಅಗತ್ಯವೇ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ, ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆಯೂ ಇದೆ. ಚಿತ್ರ, ವಿನ್ಯಾಸಕ್ಕೆ ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಇವೆ. ಕೋರೆಲ್‌ಡ್ರಾಗೆ ಕೈ ಒಗ್ಗಿದವರಿಗೆ ಇಂಕ್‌ಸ್ಕೇಪ್ ಕೆಲವು ವಾರ ಕಿರಿಕಿರಿ ಎನಿಸುವುದು ನಿಜ.

ಮನೆಮಂದಿಗೆಲ್ಲ ಬೇಕಾದರೆ ಮೈಕ್ರೋಸಾಫ್ಟ್ 365 ಫ್ಯಾಮಿಲಿ ಚಂದಾವನ್ನು ಆರು ಮಂದಿಯವರೆಗೆ ಹಂಚಿಕೊಳ್ಳಬಹುದು, ಪ್ರತಿಯೊಬ್ಬರ ಖಾತೆಯೂ ಬೇರೆ. ಅದೇ ಚಂದಾದ ಒಂದು ಸ್ಥಾನವನ್ನು ಅಪರಿಚಿತರಿಂದ ಕೊಂಡರೆ ಮತ್ತೆ ಹಳೆಯ ಕಥೆ. ವಿದ್ಯಾರ್ಥಿಗಳು ಏನನ್ನಾದರೂ ಕೊಳ್ಳುವ ಮುನ್ನ ತಮ್ಮ ಕಾಲೇಜಿನ ಇ-ಮೇಲ್‌ಗೆ ಏನೇನು ಉಚಿತವಾಗಿದೆ ಎಂದು ವಿಚಾರಿಸಲಿ. ಆಟೋಡೆಸ್ಕ್‌ನವರು ಅರ್ಹ ವಿದ್ಯಾರ್ಥಿಗಳಿಗೆ ವರ್ಷವರ್ಷ ನವೀಕರಿಸಬಹುದಾದ ಉಚಿತ ಪರವಾನಗಿ ಕೊಡುತ್ತಾರೆ, ಆಟೋಕ್ಯಾಡ್‌ಗೆ ಕೀ ಕೊಳ್ಳುವ ಸಿವಿಲ್ ವಿದ್ಯಾರ್ಥಿ ಹಣ ಕಳೆದುಕೊಂಡಂತೆಯೇ. ಟ್ಯಾಲಿ ಕಲಿಯಲು ಅದರ ಶಿಕ್ಷಣ ಮೋಡ್ ಸಾಕು, ತಿಂಗಳ 1, 2 ಮತ್ತು 31ನೇ ತಾರೀಖಿನ ನಮೂದುಗಳಿಗಷ್ಟೇ ಅದು ಅವಕಾಶ ಕೊಡುತ್ತದೆ. ವರ್ಷಕ್ಕೆ ಕೆಲವೇ ತಿಂಗಳು ವಹಿವಾಟಿರುವ ಮಂಡಿ ವ್ಯಾಪಾರಿಗಳು ಟ್ಯಾಲಿಯ ಬಾಡಿಗೆ ಪರವಾನಗಿಯನ್ನೂ ವಿಚಾರಿಸಬಹುದು.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವುದಾದರೆ, ಹಣ ಕೊಡುವ ಮುನ್ನವೇ ಆ್ಯಕ್ಟಿವೇಷನ್ ಪುಟ ಮತ್ತು ಮೇಲೆ ಹೇಳಿದ ಪಟ್ಟಿ ಎರಡನ್ನೂ ತೆರೆದು ನೋಡಿ. ಬ್ರಾಂಡೆಡ್ ಯಂತ್ರದಲ್ಲಿ ಓಇಎಂ ಎಂದಿದ್ದರೆ ಸರಿ. ವಾಲ್ಯೂಮ್ ಎಂದಿದ್ದರೆ ವಿಂಡೋಸ್ ಇಲ್ಲದ ಯಂತ್ರವೆಂದೇ ಎಣಿಸಿ ಬೆಲೆ ಇಳಿಸಿ ಕೇಳಿ.

ಕೊಂಡ ಮೇಲೆ ಪ್ರತಿ ಯಂತ್ರಕ್ಕೊಂದು ಹಾಳೆಯಿಟ್ಟು ಅದರಲ್ಲಿ ಯಂತ್ರದ ಸೀರಿಯಲ್ ಸಂಖ್ಯೆ, ತಂತ್ರಾಂಶ ಮತ್ತು ಆವೃತ್ತಿ, ಪರವಾನಗಿಯ ಬಗೆ, ಖಾತೆಯ ಇ-ಮೇಲ್, ಬಿಲ್ ಸಂಖ್ಯೆ, ನವೀಕರಣದ ದಿನ ಬರೆದು, ಬಿಲ್ಲಿನ ಪ್ರತಿಯೊಂದಿಗೆ ಫೈಲಿನಲ್ಲಿಡಿ. ಮುಂದೆ ಆ ಯಂತ್ರವನ್ನು ಮಾರುವಾಗ ಅದೇ ಹಾಳೆಯನ್ನು ನೋಡಿದರೆ, ರೀಟೇಲ್ ಪರವಾನಗಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದೆಂದೂ, ಓಇಎಂ ಆದರೆ ಅದನ್ನು ಯಂತ್ರದೊಂದಿಗೇ ಬಿಟ್ಟುಕೊಡಬೇಕೆಂದೂ ಯಾರನ್ನೂ ಕೇಳದೆ ತಿಳಿಯುತ್ತದೆ.